ಸಾಮೂಹಿಕ ವಾಚನ ಕಟ್ಟುವುದು ಹೇಗೆ: ಪಠ್ಯದ ಆಯ್ಕೆಯಿಂದ ಠಾಣೆಯ ಸ್ವೀಕೃತಿಯವರೆಗೆ

ಲೇಖಕರೊಬ್ಬರ ಮೇಲೆ ಕೇಸು ಬಿದ್ದಾಗ, ಪುಸ್ತಕವೊಂದು ಅಂಗಡಿಗಳಿಂದ ಮಾಯವಾದಾಗ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಕೆಲಸ ನಡೆಯುತ್ತವೆ: ಸಹಿ ಹಾಕಿದ ಹೇಳಿಕೆ, ಆಮೇಲೆ ಖಂಡನಾ ಸಭೆ. ಯಾವ ಬರಹದ ಮೇಲೆ ಗಲಾಟೆಯೋ ಆ ಬರಹ ಮಾತ್ರ ಈ ಎರಡರಲ್ಲೂ ಯಾರ ಕಿವಿಗೂ ಬೀಳುವುದಿಲ್ಲ. ವಿರೋಧಿಸುವವರೂ ಓದಿರುವುದಿಲ್ಲ, ಬೆಂಬಲಿಸುವವರಲ್ಲಿ ಅರ್ಧ ಜನರೂ ಓದಿರುವುದಿಲ್ಲ. ಸಾಮೂಹಿಕ ವಾಚನ ಮಾಡುವುದು ಇದಕ್ಕೇ. ದಾಳಿಗೆ ಒಳಗಾದ ಪಠ್ಯವನ್ನು ಹತ್ತಾರು ಕಲಾವಿದರು ಸರದಿಯಲ್ಲಿ, ಸಾರ್ವಜನಿಕವಾಗಿ, ಗಟ್ಟಿಯಾಗಿ ಓದುತ್ತಾರೆ. ಅಷ್ಟೆ.

ಆ ‘ಅಷ್ಟೆ’ಯನ್ನು ಕಾಪಾಡಿಕೊಳ್ಳುವುದೇ ಕಷ್ಟ. ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ಅಧ್ಯಕ್ಷರ ನುಡಿ, ನೆನಪಿನ ಕಾಣಿಕೆ, ವಂದನಾರ್ಪಣೆ ಎಲ್ಲ ಸೇರಿ ಎರಡು ಗಂಟೆಯ ಕಾರ್ಯಕ್ರಮದಲ್ಲಿ ಓದಿಗೆ ಇಪ್ಪತ್ತು ನಿಮಿಷ ಉಳಿದರೆ ಹೆಚ್ಚು. ಹಾಗಾಗದಂತೆ ಏನೇನು ಮಾಡಬೇಕು, ಎಲ್ಲೆಲ್ಲಿ ಎಡವುತ್ತಾರೆ ಎಂಬುದು ಮುಂದಿದೆ. ಕಾನೂನಿನ ವಿವರಗಳು ಕರ್ನಾಟಕಕ್ಕೆ ಹೊಂದುವಂಥವು. ನಿಮ್ಮ ಪ್ರಕರಣಕ್ಕೆ ವಕೀಲರೊಬ್ಬರನ್ನು ಕೇಳಿಯೇ ಹೆಜ್ಜೆ ಇಡಿ.

ಮೊದಲು ಲೇಖಕರನ್ನು ಕೇಳಿ

ಸ್ಥಳ ಹುಡುಕುವ ಮೊದಲು, ಪೋಸ್ಟರ್ ಮಾಡುವ ಮೊದಲು, ಯಾರ ಬರಹವನ್ನು ಓದಲಿದ್ದೀರೋ ಅವರ ಒಪ್ಪಿಗೆ ಬೇಕು. ಅವರು ಜೈಲಿನಲ್ಲಿದ್ದರೆ ವಕೀಲರ ಮೂಲಕ, ತೀರಿಕೊಂಡಿದ್ದರೆ ಮನೆಯವರ ಮೂಲಕ. ಜಾಮೀನಿನ ಮೇಲೆ ಹೊರಗಿದ್ದರೆ ಜಾಮೀನು ಆದೇಶದ ಷರತ್ತುಗಳನ್ನು ಅವರ ವಕೀಲರು ಒಮ್ಮೆ ಓದಿ ನೋಡಲಿ. ಪ್ರಕರಣದ ಬಗ್ಗೆ ಬಹಿರಂಗವಾಗಿ ಮಾತಾಡಬಾರದು ಎಂಬ ಷರತ್ತಿದ್ದರೆ ನಿಮ್ಮ ಸಭೆಯಲ್ಲಿ ಅವರು ಸುಮ್ಮನೆ ಕೂತಿದ್ದರೂ ತೊಂದರೆಗೆ ಸಿಕ್ಕಬಹುದು.

ಲೇಖಕರು ಬೇಡ ಅಂದರೆ ಬೇಡ. ತಮಿಳಿನ ಪೆರುಮಾಳ್ ಮುರುಗನ್ 2015ರ ಜನವರಿಯಲ್ಲಿ ತನ್ನೊಳಗಿನ ಲೇಖಕ ಸತ್ತ ಎಂದು ಘೋಷಿಸಿ, ತಮ್ಮ ಪುಸ್ತಕಗಳನ್ನು ಮಾರಬೇಡಿ ಎಂದು ಪ್ರಕಾಶಕರನ್ನು ಕೇಳಿಕೊಂಡಿದ್ದರು. ಮದ್ರಾಸ್ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟು, ಮತ್ತೆ ಬರೆಯಿರಿ ಎಂದದ್ದು 2016ರ ಜುಲೈಯಲ್ಲಿ. ನಡುವಿನ ಒಂದೂವರೆ ವರ್ಷದಲ್ಲಿ ಅಂಥವರಿಗೆ ಬೆಂಬಲ ಯಾವ ರೂಪದಲ್ಲಿ ಬೇಕು ಎಂಬುದನ್ನು ಬೆಂಬಲಿಗರು ತಾವೇ ತೀರ್ಮಾನಿಸಿಬಿಡುವುದು ಸರಿಯಲ್ಲ. ಊರಿನಲ್ಲಿ ಬದುಕಬೇಕಾದವರು ಅವರು.

ಯಾವುದನ್ನು ಓದಬೇಕು

ಆಪಾದನೆಗೆ ಗುರಿಯಾದ ನಾಲ್ಕು ಸಾಲನ್ನಷ್ಟೇ ಎತ್ತಿಕೊಂಡು ಓದುವುದು ಬಹುತೇಕರು ಮಾಡುವ ತಪ್ಪು. ದೂರು ಕೊಟ್ಟವರೂ ಅದನ್ನೇ ಮಾಡಿರುತ್ತಾರೆ: ಸಂದರ್ಭದಿಂದ ಸಾಲು ಕಿತ್ತಿರುತ್ತಾರೆ. ಕಾದಂಬರಿಯಾದರೆ ಆ ಸಾಲು ಬರುವ ದೃಶ್ಯ ಪೂರ್ತಿ ಬರಲಿ. ಮೊದಲಿನ ಎರಡು ಪುಟ, ಆಮೇಲಿನ ಎರಡು ಪುಟ ಇದ್ದರೆ ಮಾತು ಯಾವ ಪಾತ್ರದ್ದು, ಲೇಖಕರದ್ದು ಅಲ್ಲ ಎಂಬುದು ಕೇಳುವವರಿಗೆ ತಾನೇ ತಿಳಿಯುತ್ತದೆ. ಕವಿತೆಯಾದರೆ ಪೂರ್ತಿ ಓದಿ.

ಪೂರ್ತಿ ಓದುವುದಕ್ಕೆ ಕಾನೂನಿನ ಬೆಂಬಲವೂ ಇದೆ. ಕವಿ, ರಾಜಕಾರಣಿ ಇಮ್ರಾನ್ ಪ್ರತಾಪ್‌ಗಢಿ ಹಂಚಿಕೊಂಡ ಕವಿತೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮಾರ್ಚ್ 28ರಂದು ಎಫ್‌ಐಆರ್ ರದ್ದು ಮಾಡಿತು. ಪೊಲೀಸರು ಕೇಸು ದಾಖಲಿಸುವ ಮುನ್ನ ಆ ಮಾತುಗಳನ್ನು ಓದಿ ಅರ್ಥ ಮಾಡಿಕೊಳ್ಳಬೇಕು, ಪರಿಣಾಮವನ್ನು ಗಟ್ಟಿ ಮನಸ್ಸಿನ ವಿವೇಕಿಗಳ ಅಳತೆಯಲ್ಲಿ ತೂಗಬೇಕೇ ಹೊರತು ಎಲ್ಲದರಲ್ಲೂ ಅಪಾಯ ಕಾಣುವ ದುರ್ಬಲ ಮನಸ್ಸಿನವರ ಅಳತೆಯಲ್ಲಲ್ಲ ಎಂಬುದು ಅದರ ಸಾರ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದದ್ದು) 173(3)ರ ಪ್ರಕಾರ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಅವಕಾಶವಿದೆ. ಮಾತು-ಬರಹದ ಪ್ರಕರಣಗಳಲ್ಲಿ ಅದನ್ನು ಬಳಸುವುದೇ ಸೂಕ್ತ ಎಂದೂ ಕೋರ್ಟ್ ಹೇಳಿತು. ತೀರ್ಪಿನ ಪ್ರತಿಯೊಂದನ್ನು ಕಡತದಲ್ಲಿ ಇಟ್ಟುಕೊಳ್ಳಿ. ಠಾಣೆಯಲ್ಲಿ ವಾದಕ್ಕಿಂತ ಕಾಗದ ಹೆಚ್ಚು ಕೆಲಸ ಮಾಡುತ್ತದೆ.

ಪಠ್ಯ ಕಾನೂನಿನ ಲೆಕ್ಕದಲ್ಲಿ ಎಲ್ಲಿ ನಿಂತಿದೆ ಎಂದು ನೋಡಿ. ‘ಬ್ಯಾನ್ ಆಗಿದೆ’ ಎಂದು ಜನ ಹೇಳುವುದರ ಹಿಂದೆ ಬೇರೆ ಬೇರೆ ಸಂಗತಿಗಳಿರುತ್ತವೆ.

ಸರ್ಕಾರ ಮುಟ್ಟುಗೋಲು ಅಧಿಸೂಚನೆ ಹೊರಡಿಸಿರಬಹುದು. ಇದು ಹಿಂದೆ ಸಿಆರ್‌ಪಿಸಿಯ 95ನೇ ಕಲಂ, ಈಗ ನಾಗರಿಕ ಸುರಕ್ಷಾ ಸಂಹಿತೆಯ 98. ಇಲ್ಲಿ ಪ್ರತಿಗಳನ್ನು ಪೊಲೀಸರು ವಶಪಡಿಸಿಕೊಳ್ಳಬಹುದು. ಕನ್ನಡದ ‘ಧರ್ಮಕಾರಣ’ ಕಾದಂಬರಿಯ ಮುಟ್ಟುಗೋಲನ್ನು ಬರಗೂರು ರಾಮಚಂದ್ರಪ್ಪ ಮೊದಲಾದವರು ಪ್ರಶ್ನಿಸಿದ್ದರು. 2007ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಇಂಥ ಪುಸ್ತಕವನ್ನು ಸಾರ್ವಜನಿಕವಾಗಿ ಓದುವ ಯೋಚನೆ ಇದ್ದರೆ ವಕೀಲರ ಲಿಖಿತ ಅಭಿಪ್ರಾಯ ಇಲ್ಲದೆ ಮುಂದುವರಿಯಬೇಡಿ.

ನ್ಯಾಯಾಲಯದ ತಡೆಯಾಜ್ಞೆ ಇರಬಹುದು. ಇದು ಇನ್ನೂ ನಾಜೂಕು, ನ್ಯಾಯಾಂಗ ನಿಂದನೆಯ ಪ್ರಶ್ನೆ ಬರುತ್ತದೆ. ಅದೇ ಲೇಖಕರ ಬೇರೆ ಬರಹ ಓದುವುದು ಸುರಕ್ಷಿತ, ಎಷ್ಟೋ ಸಲ ಪರಿಣಾಮವೂ ಅದರದ್ದೇ ಹೆಚ್ಚು.

ಆಮದು ನಿಷೇಧ ಇರಬಹುದು. ಸಲ್ಮಾನ್ ರಶ್ದಿ ಅವರ ‘ದಿ ಸಟಾನಿಕ್ ವರ್ಸಸ್’ ಮೇಲೆ 1988ರಲ್ಲಿ ಬಿದ್ದದ್ದು ಕಸ್ಟಮ್ಸ್ ಕಾಯ್ದೆಯಡಿಯ ಆಮದು ನಿರ್ಬಂಧ. ಆ ಅಧಿಸೂಚನೆಯನ್ನು ಯಾರಿಂದಲೂ ಹಾಜರುಪಡಿಸಲು ಆಗದೆ, ಅದು ಇಲ್ಲವೆಂದೇ ಭಾವಿಸಬೇಕಾಗುತ್ತದೆ ಎಂದು ದೆಹಲಿ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ಅಂದರೆ ‘ನಿಷೇಧವಿದೆ’ ಎಂದು ಯಾರೇ ಹೇಳಿದರೂ ಮೊದಲ ಪ್ರಶ್ನೆ: ಆದೇಶ ಸಂಖ್ಯೆ, ದಿನಾಂಕ ಎಲ್ಲಿ?

ಕೊನೆಯದಾಗಿ, ಯಾವ ಆದೇಶವೂ ಇಲ್ಲದೆ ಬೆದರಿಕೆಗೆ ಹೆದರಿ ಪ್ರಕಾಶಕರೇ ವಾಪಸು ತೆಗೆದುಕೊಂಡದ್ದು ಇರಬಹುದು. ಇಂಥವೇ ಹೆಚ್ಚು. ಓದುವುದಕ್ಕೆ ಅಡ್ಡಿ ಕಡಿಮೆ ಇರುವುದೂ ಇಲ್ಲೇ.

ಕೃತಿಸ್ವಾಮ್ಯವನ್ನು ಮರೆಯುವವರು ಬಹಳ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಟಿತ ಸಾಹಿತ್ಯ ಕೃತಿಯ ಸಮಂಜಸ ಪ್ರಮಾಣದ ಭಾಗವನ್ನು ಸಾರ್ವಜನಿಕವಾಗಿ ಓದಲು ಅವಕಾಶ ಕೊಡುತ್ತದೆ. ಭಾಗಕ್ಕೆ ಮಾತ್ರ, ಪ್ರಕಟಿತ ಕೃತಿಗೆ ಮಾತ್ರ. ಇಡೀ ಕವಿತೆ, ಹಸ್ತಪ್ರತಿ, ವಿಡಿಯೋವನ್ನು ಇಂಟರ್ನೆಟ್ಟಿಗೆ ಹಾಕುವುದು, ಇವಕ್ಕೆ ಹಕ್ಕುದಾರರ ಒಂದು ಸಾಲಿನ ಇಮೇಲ್ ಅನುಮತಿ ಪಡೆಯಿರಿ. ಅನುವಾದ ಓದುತ್ತಿದ್ದರೆ ಅನುವಾದಕರ ಅನುಮತಿಯೂ ಬೇಕು. ಓದುವಾಗ ಅವರ ಹೆಸರನ್ನೂ ಹೇಳಬೇಕು.

ಯಾವ ಕಲಮುಗಳು ಬೀಳುತ್ತವೆ

ಇಂಥ ಸಭೆಗಳ ಮೇಲೆ ಸಾಮಾನ್ಯವಾಗಿ ಹಾಕುವ ಭಾರತೀಯ ನ್ಯಾಯ ಸಂಹಿತೆಯ (ಹಿಂದಿನ ಐಪಿಸಿ) ಕಲಮುಗಳನ್ನು ಸಂಘಟಕರು ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು: 196 (ಗುಂಪುಗಳ ನಡುವೆ ದ್ವೇಷ, ಹಿಂದಿನ 153ಎ), 299 (ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕ ಧಕ್ಕೆ, ಹಿಂದಿನ 295ಎ), 352 ಮತ್ತು 353 (ಶಾಂತಿ ಕದಡಲೆಂದು ಮಾಡುವ ಅವಮಾನ, ಸಾರ್ವಜನಿಕರನ್ನು ಕೆರಳಿಸುವ ಹೇಳಿಕೆ, ಹಿಂದಿನ 504, 505), 189 (ಕಾನೂನುಬಾಹಿರ ಕೂಟ), 223 (ಅಧಿಕಾರಿಯ ಆದೇಶ ಉಲ್ಲಂಘನೆ). 196ರ ಶಿಕ್ಷೆ ಮೂರು ವರ್ಷದವರೆಗೆ. ಅದೇ ಮಾತು ಪೂಜಾಸ್ಥಳದಲ್ಲೋ ಪೂಜೆ ನಡೆಯುವ ಕೂಟದಲ್ಲೋ ಬಂದರೆ ಐದು ವರ್ಷದವರೆಗೆ. ದೇವಸ್ಥಾನ, ಮಸೀದಿ, ಮಠದ ಅಂಗಳವನ್ನು ಬಿಟ್ಟುಬಿಡಿ, ಅಲ್ಲಿನವರು ಪ್ರೀತಿಯಿಂದ ಕರೆದರೂ.

ಐವತ್ತು ಜನ ಒಟ್ಟಿಗೆ ಓದಿದರೆ ಕೇಸು ಹಾಕಲಾಗದು ಎಂಬ ನಂಬಿಕೆ ಇದೆ. ಅದು ಅರ್ಧ ಸತ್ಯ. ರಾಜಕೀಯವಾಗಿ ಕಷ್ಟ, ಕಾನೂನಿನಲ್ಲಿ ಕಷ್ಟವೇನಲ್ಲ. ಪ್ರತಿಯೊಬ್ಬರ ಹೆಸರೂ ಎಫ್‌ಐಆರ್‌ನಲ್ಲಿ ಬರಬಹುದು. ಓದಿದವರಷ್ಟೇ ಅಲ್ಲ: 2020ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಸಿರಾಜ್ ಬಿಸರಳ್ಳಿ ಪೌರತ್ವದ ದಾಖಲೆಗಳ ಕುರಿತ ಕವಿತೆ ಓದಿದ್ದಕ್ಕೆ ಕೇಸಾಯಿತು. ಅವರ ಜೊತೆಗೆ, ಆ ಕವಿತೆಯ ವಿಡಿಯೋ ಹಂಚಿದ ಸಂಪಾದಕರ ಬಂಧನವೂ ಆಯಿತು. ಆಮೇಲೆ ಆ ಕವಿತೆ ಬೇರೆ ಬೇರೆ ಭಾಷೆಗಳಿಗೆ ಹೋಗಿ ಎಷ್ಟೋ ಕಡೆ ಓದಲ್ಪಟ್ಟಿತು, ಅದು ಬೇರೆ ಮಾತು. ವಿಡಿಯೋ ಹಾಕುವವರಿಗೂ ಈ ಅಪಾಯವನ್ನು ಮೊದಲೇ ತಿಳಿಸಿ, ಅವರ ಒಪ್ಪಿಗೆಯನ್ನೂ ಪಡೆಯಿರಿ.

ನಡುನಡುವೆ ಆಡುವ ಮಾತು ಓದಿಗಿಂತ ಹೆಚ್ಚು ಅಪಾಯಕಾರಿ. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಹಂತ ಗುರುತಿಸಿ, ಮೂರನೆಯದನ್ನು ಮುಟ್ಟಿದಾಗ ಮಾತ್ರ ನಿರ್ಬಂಧಕ್ಕೆ ಅವಕಾಶ ಎಂದಿದೆ. ಪ್ರಕಟವಾಗಿ ಹತ್ತು ವರ್ಷವಾದ ಕಾದಂಬರಿಯ ಪುಟ ಪ್ರಚೋದನೆ ಎಂದು ಸಾಧಿಸುವುದು ಕಷ್ಟ. ಪುಟ ಮುಗಿದ ಮೇಲೆ ಉತ್ಸಾಹದಲ್ಲಿ ಯಾರೋ ಸೇರಿಸಿದ ಎರಡು ವಾಕ್ಯ ಹಾಗೆ ಕಾಣುವುದು ಸುಲಭ. ಹಾಗಾಗಿ ನಿಯಮ ಒಂದೇ: ಮೈಕಿನ ಮುಂದೆ ಹಾಳೆಯಲ್ಲಿ ಇರುವುದನ್ನು ಬಿಟ್ಟು ಬೇರೇನೂ ಇಲ್ಲ.

ಜಾಗ ಮತ್ತು ಅನುಮತಿ

ಬೆಂಗಳೂರಿನಲ್ಲಿ ಹಿಂದೆ ಪುರಭವನದ ಮೆಟ್ಟಿಲು ಇಂಥದ್ದಕ್ಕೆ ಹೇಳಿ ಮಾಡಿಸಿದ ಜಾಗವಾಗಿತ್ತು. 2021ರ ಪ್ರತಿಭಟನಾ ಪರವಾನಗಿ ಆದೇಶದ ಮೇಲೆ ಧರಣಿ, ಪ್ರದರ್ಶನಗಳಿಗೆ ಉಳಿದದ್ದು ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್ ಮಾತ್ರ. ಅದು ಹಳೆಯ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ನಟಿ ಸ್ನೇಹಲತಾ ರೆಡ್ಡಿ ಅವರನ್ನು 1976ರಲ್ಲಿ ಇಟ್ಟಿದ್ದು ಅಲ್ಲೇ. ಆರೋಗ್ಯ ತೀರಾ ಕೆಟ್ಟ ಮೇಲೆ ಪೆರೋಲಿನ ಮೇಲೆ ಬಿಟ್ಟರು, 1977ರ ಜನವರಿ 20ರಂದು ತೀರಿಕೊಂಡರು. ಕಲಾವಿದರ ವಾಚನಕ್ಕೆ ಇದಕ್ಕಿಂತ ತಕ್ಕ ಜಾಗ ಬೆಂಗಳೂರಿನಲ್ಲಿ ಇಲ್ಲ. ಆದರೆ ಅದೇ ಹೊತ್ತಿಗೆ ಪಕ್ಕದಲ್ಲಿ ಇನ್ನೆರಡು ಧರಣಿಗಳ ಮೈಕು ಕೂಗುತ್ತಿರುತ್ತವೆ, ಮೆಲುದನಿಯ ಗದ್ಯ ಅಲ್ಲಿ ಉಳಿಯುವುದಿಲ್ಲ. ಅಲ್ಲಿ ಕವಿತೆ ಮತ್ತು ವಚನ ಇಟ್ಟುಕೊಳ್ಳಿ. ಕಾದಂಬರಿಯ ಪುಟಗಳಿಗೆ ಸಭಾಂಗಣ ಹಿಡಿಯಿರಿ.

ಖಾಸಗಿ ಅಥವಾ ಟ್ರಸ್ಟಿನ ಸಭಾಂಗಣದಲ್ಲಿ ನಡೆಯುವುದು ಸಾಹಿತ್ಯ ಕಾರ್ಯಕ್ರಮ. ಬೀದಿ ಪ್ರತಿಭಟನೆಯ ಪರವಾನಗಿ ಅಲ್ಲಿಗೆ ಅನ್ವಯವಾಗುವುದಿಲ್ಲ. ಅಲ್ಲಿನ ಸಮಸ್ಯೆ ಬೇರೆ: ಹಿಂದಿನ ದಿನ ಸಂಜೆ ಫೋನು ಬಂದು ಬುಕಿಂಗ್ ರದ್ದಾಗುತ್ತದೆ. ಬುಕ್ ಮಾಡುವಾಗಲೇ ಪುಸ್ತಕದ ಹೆಸರು ಹೇಳಿ, ಹಣ ಕಟ್ಟಿದ ರಸೀದಿಯಲ್ಲಿ ಕಾರ್ಯಕ್ರಮದ ಹೆಸರು ಬರೆಸಿಕೊಳ್ಳಿ. ಮುಚ್ಚಿಟ್ಟು ಬುಕ್ ಮಾಡಿದರೆ ರದ್ದು ಮಾಡಲು ಅವರಿಗೆ ನೀವೇ ಕಾರಣ ಒದಗಿಸಿದಂತೆ. ಎರಡನೇ ಜಾಗವೊಂದು ಕೈಯಲ್ಲಿರಲಿ. ಒಂದು ಮನೆಯ ತಾರಸಿಯಾದರೂ ಸಾಕು.

ಬಯಲಿನಲ್ಲಾದರೆ ಎರಡು ಅನುಮತಿ ಬೇಕು: ಜಾಗದ ಮಾಲೀಕರದ್ದು (ಪಾಲಿಕೆ, ನಗರಸಭೆ, ಪಂಚಾಯಿತಿ) ಮತ್ತು ಪೊಲೀಸರದ್ದು. ಕನಿಷ್ಠ ಹತ್ತು ದಿನ ಮೊದಲು ಅರ್ಜಿ ಕೊಡಿ. ಅರ್ಜಿಯಲ್ಲಿ ದಿನಾಂಕ, ಶುರು ಮತ್ತು ಮುಗಿಯುವ ಹೊತ್ತು, ನಿರೀಕ್ಷಿತ ಜನ, ಧ್ವನಿವರ್ಧಕದ ವಾಟ್, ಮೆರವಣಿಗೆ ಇಲ್ಲ ಎಂಬ ಸ್ಪಷ್ಟ ಮಾತು, ಇಬ್ಬರು ಸಂಘಟಕರ ಹೆಸರು-ಫೋನು ಇರಲಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ದಿನಾಂಕ, ಹೊತ್ತು ಹಾಕಿಸಿಕೊಂಡು ಬನ್ನಿ. ಈ ಸ್ವೀಕೃತಿ ಇಲ್ಲದಿದ್ದರೆ ನಾಳೆ ‘ಅರ್ಜಿಯೇ ಬಂದಿಲ್ಲ’ ಎನ್ನುವ ಮಾತಿಗೆ ಉತ್ತರ ಇರುವುದಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ ನಿರಾಕರಣೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸುವುದು ಕಷ್ಟ.

ಓದುವ ಪುಟಗಳ ಪ್ರತಿ ಮುಂಚೆಯೇ ಕೊಡಿ ಎಂದು ಠಾಣೆಯಲ್ಲಿ ಕೇಳುವುದುಂಟು. ಪುಸ್ತಕದ ಹೆಸರು, ಪ್ರಕಾಶಕರು, ವರ್ಷ ಕೊಡಲು ಅಡ್ಡಿಯಿಲ್ಲ. ಪುಟಗಳನ್ನೇ ಕೇಳಿದರೆ ಯಾವ ನಿಯಮದಡಿ ಎಂದು ಬರಹದಲ್ಲಿ ಕೇಳಿ ವಕೀಲರಿಗೆ ದಾಟಿಸಿ. ವೇಷ, ಅಭಿನಯ, ರಂಗಸಜ್ಜಿಕೆ ಸೇರಿಸಬೇಡಿ. ಸೇರಿಸಿದ ಕ್ಷಣ ಅದು ನಾಟಕ ಪ್ರದರ್ಶನವಾಗಿ ಬೇರೆ ಪರವಾನಗಿಯ ಪ್ರಶ್ನೆ ಏಳುತ್ತದೆ. ರಂಗಭೂಮಿಯ ಗೆಳೆಯರಿಗೆ ಇದನ್ನು ಒಪ್ಪಿಸುವುದು ಪೊಲೀಸರನ್ನು ಒಪ್ಪಿಸುವುದಕ್ಕಿಂತ ಕಷ್ಟ.

ಧ್ವನಿವರ್ಧಕಕ್ಕೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಡಿ ಬೇರೆಯೇ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯದ 100 ಮೀಟರ್ ಸುತ್ತಳತೆ ನಿಶ್ಶಬ್ದ ವಲಯ. ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಿರೋಧಿಗಳು ಸಾಹಿತ್ಯದ ಮೇಲಲ್ಲ, ಮೈಕಿನ ಮೇಲೆ ದೂರು ಕೊಡುತ್ತಾರೆ. ಆ ದೂರನ್ನು ಸಾಬೀತು ಮಾಡುವುದು ಸುಲಭ.

ಸಭೆಯ ದಿನಕ್ಕೆ ಎರಡು ದಿನ ಮೊದಲು ನಿಷೇಧಾಜ್ಞೆ (ಹಿಂದಿನ ಸಿಆರ್‌ಪಿಸಿಯ 144, ಈಗ ನಾಗರಿಕ ಸುರಕ್ಷಾ ಸಂಹಿತೆಯ 163) ಜಾರಿಯಾಗಿದೆಯೇ ನೋಡಿ. 2019ರ ಡಿಸೆಂಬರ್ 19ರಂದು ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪುರಭವನದ ಮುಂದೆ ವಶಕ್ಕೆ ಪಡೆದದ್ದು ಇಂಥ ಆಜ್ಞೆಯಡಿಯೇ. 2020ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಆಜ್ಞೆಯೇ ಕಾನೂನುಬಾಹಿರ ಎಂದಿತು. ತೀರ್ಪು ಕೊಟ್ಟ ಪೀಠದಲ್ಲಿದ್ದವರು ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ; ಪ್ರತಾಪ್‌ಗಢಿ ಕವಿತೆಯ ತೀರ್ಪೂ ಅವರದ್ದೇ. ತೀರ್ಪು ಬರುವ ಹೊತ್ತಿಗೆ ಸಭೆಯ ದಿನ ಕಳೆದುಹೋಗಿರುತ್ತದೆ, ನಿಜ. ನಿಷೇಧಾಜ್ಞೆ ಇದ್ದರೆ ದಿನಾಂಕ ಮುಂದೂಡುವುದೋ, ಸಭಾಂಗಣಕ್ಕೆ ಹೋಗುವುದೋ, ಗೊತ್ತಿದ್ದೇ ಬಂಧನಕ್ಕೆ ಒಡ್ಡಿಕೊಳ್ಳುವುದೋ ಎಂಬುದನ್ನು ಎಲ್ಲರೂ ಕೂತು ತೀರ್ಮಾನಿಸಬೇಕು, ಇಬ್ಬರು ಸಂಘಟಕರಲ್ಲ.

ಬೇರೆಯವರ ವೇದಿಕೆಯನ್ನು ಹೇಳದೆ ಬಳಸಬೇಡಿ. 2012ರ ಜನವರಿಯಲ್ಲಿ ಜೈಪುರ ಸಾಹಿತ್ಯೋತ್ಸವಕ್ಕೆ ರಶ್ದಿ ಬರಲಾಗದೆ ಹೋದಾಗ ಹರಿ ಕುಂಜ್ರು, ಅಮಿತಾವ ಕುಮಾರ್, ಜೀತ್ ತಾಯಿಲ್, ರುಚಿರ್ ಜೋಶಿ ತಮ್ಮ ತಮ್ಮ ಗೋಷ್ಠಿಗಳಲ್ಲೇ ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯ ಭಾಗಗಳನ್ನು ಓದಿದರು. ಧೈರ್ಯದ ಕೆಲಸವೇ. ಆದರೆ ಉತ್ಸವದ ಆಡಳಿತ ಇದು ತಮ್ಮದಲ್ಲ ಎಂದು ದೂರ ಸರಿಯಿತು, ಬಂಧನವಾಗಬಹುದೆಂಬ ವಕೀಲರ ಸಲಹೆಯ ಮೇರೆಗೆ ಓದಿದವರು ಜೈಪುರ ಬಿಡಬೇಕಾಯಿತು. ವಕೀಲರ ಸಲಹೆ ಓದಿನ ಮೊದಲು ಬರಬೇಕು. ನ್ಯೂಯಾರ್ಕಿನಲ್ಲಿ ಲೇಖಕರ ಸಂಘಟನೆ ಪೆನ್ ಅಮೆರಿಕಾ ಮಾಡಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಜೈಲಿನಲ್ಲಿದ್ದ ಚೀನಾದ ಲೇಖಕ ಲಿಯು ಶಿಯಾಬೋ ಪರವಾಗಿ 2009ರ ಡಿಸೆಂಬರ್ 31ರಂದು, ರಶ್ದಿ ಮೇಲೆ ಚಾಕು ದಾಳಿಯಾದ ಒಂದು ವಾರಕ್ಕೆ 2022ರ ಆಗಸ್ಟ್ 19ರಂದು, ಎರಡೂ ಸಲ ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲ ಮೇಲೆ ಲೇಖಕರು ಸರದಿಯಲ್ಲಿ ನಿಂತು ಓದಿದರು. ಹೊರದೇಶದ ಕನ್ನಡ ಕೂಟಗಳು ಮಾಡುವುದಾದರೆ ಅಲ್ಲಿನ ಗ್ರಂಥಾಲಯಗಳನ್ನು ಕೇಳಿನೋಡಿ. ವೀಸಾದ ಮೇಲಿರುವವರು ಓದುವ ಮೊದಲು ತಮ್ಮ ಸ್ಥಿತಿ ವಿಚಾರಿಸಿಕೊಳ್ಳಲಿ.

ಎಷ್ಟು ಜನ, ಎಷ್ಟು ನಿಮಿಷ

ಕನ್ನಡ ಗದ್ಯವನ್ನು ಸಭೆಗೆ ಕೇಳಿಸುವಂತೆ ಓದಿದರೆ ನಿಮಿಷಕ್ಕೆ 90 ಪದದ ಆಸುಪಾಸು. ಮೂರು ನಿಮಿಷದ ಓದಿಗೆ 270 ಪದ. ಒಬ್ಬರು ಇಳಿದು ಇನ್ನೊಬ್ಬರು ಮೈಕಿಗೆ ಬರುವ ಹೊತ್ತು 40 ಸೆಕೆಂಡು ಹಿಡಿಯಿರಿ. 24 ಜನಕ್ಕೆ ಹೀಗೆ 88 ನಿಮಿಷ. ಒಂದೂವರೆ ಗಂಟೆ ಮೀರಿದರೆ ನಿಂತು ಕೇಳುವವರು ಕರಗುತ್ತಾರೆ, ಆದ್ದರಿಂದ 24ಕ್ಕೆ ನಿಲ್ಲಿಸಿ. ಮೇಲೆ ನಾಲ್ವರನ್ನು ಬದಲಿ ಓದುವವರಾಗಿ ಇಟ್ಟುಕೊಳ್ಳಿ. ಹೆದರಿಕೆಯಿಂದಲೋ ಮನೆಯವರ ಒತ್ತಾಯದಿಂದಲೋ ಕೊನೆಯ ದಿನ ಮೂರ್ನಾಲ್ಕು ಜನ ಬರುವುದಿಲ್ಲ. ಅವರನ್ನು ಆಡಿಕೊಳ್ಳಬೇಡಿ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳ ತೊಡಕಿದೆ. ಅವರನ್ನು ಓದಿಗೆ ಒತ್ತಾಯಿಸದೆ ಬೇರೆ ಕೆಲಸ ಕೊಡಿ.

ಲೇಖಕರಷ್ಟೇ ಇದ್ದರೆ ಸಾಲದು. ನಟರು, ಗಮಕಿಗಳು, ಚಿತ್ರಕಾರರು, ತತ್ವಪದ ಹಾಡುವವರು, ಸಿನಿಮಾದವರು ಬೆರೆಯಲಿ. ನಮ್ಮಲ್ಲಿ ಗಮಕ ವಾಚನದ ಪರಂಪರೆ ಇರುವುದರಿಂದ ಒಬ್ಬರು ಓದಿ ಊರೇ ಕೇಳುವುದು ಹೊಸದೇನಲ್ಲ. ಜೈಮಿನಿ, ಕುಮಾರವ್ಯಾಸನನ್ನು ಹಾಗೆಯೇ ಕೇಳಿ ಬೆಳೆದವರು ಸಭೆಯಲ್ಲಿ ಇರುತ್ತಾರೆ. ಹೆಸರಾಂತ ನಟರನ್ನು ಮೊದಲಿಗೆ ಇಟ್ಟರೆ ಅವರು ಓದಿ ಹೊರಟ ಕೂಡಲೇ ಕ್ಯಾಮೆರಾಗಳೂ ಹೊರಡುತ್ತವೆ. ಏಳು-ಎಂಟನೆಯವರಾಗಿ ಒಬ್ಬರನ್ನು, ಹದಿನೆಂಟರ ಹೊತ್ತಿಗೆ ಇನ್ನೊಬ್ಬರನ್ನು ಇಡಿ. ಅತಿಥಿ, ಅಧ್ಯಕ್ಷರು ಯಾರೂ ಇಲ್ಲ. ಆಹ್ವಾನಪತ್ರದಲ್ಲಿ ಹೆಸರುಗಳು ಅಕಾರಾದಿಯಾಗಿ ಬಂದರೆ ಅರ್ಧ ಮುನಿಸು ತಪ್ಪುತ್ತದೆ.

ಓದುವ ಹಾಳೆಯ ಬಗ್ಗೆ ಹಟ ಹಿಡಿಯಿರಿ. ಪುಸ್ತಕದಿಂದ ನೇರ ಓದಿಸಬೇಡಿ, ಮೊಬೈಲಿನಿಂದಂತೂ ಬೇಡವೇ ಬೇಡ: ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ನಡುವೆ ಫೋನು ಬರುತ್ತದೆ. ಎ4 ಹಾಳೆ, ಒಂದೇ ಮಗ್ಗುಲು, 18 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಅಂತರ. ಯಾವ ವಾಕ್ಯವೂ ಒಂದು ಹಾಳೆಯಿಂದ ಇನ್ನೊಂದಕ್ಕೆ ಮುರಿಯಬಾರದು. ಪಿನ್ ಹೊಡೆಯಬೇಡಿ, ತಿರುವುವಾಗ ಮೈಕಿನಲ್ಲಿ ಚರಚರ ಕೇಳುತ್ತದೆ. ಗಾಳಿಗೆ ಹಾರದಂತೆ ರಟ್ಟಿಗೆ ಕ್ಲಿಪ್ ಹಾಕಿ ಕೊಡಿ. ಹಾಳೆಯ ತಲೆಯಲ್ಲಿ ಸರದಿ ಸಂಖ್ಯೆ, ಓದುವವರ ಹೆಸರು. ಬುಡದಲ್ಲಿ ಮುಂದಿನವರ ಹೆಸರು. ನಿರೂಪಕರ ಅಗತ್ಯವೇ ಇಲ್ಲದಂತೆ ಒಬ್ಬರು ಇಳಿಯುವಾಗ ಮುಂದಿನವರ ಹೆಸರನ್ನಷ್ಟೇ ಹೇಳಿ ಇಳಿಯುತ್ತಾರೆ. ಎಲ್ಲ ಹಾಳೆಗಳ ಎರಡು ಪೂರ್ತಿ ಕಟ್ಟು ಬೇರೆಯವರ ಬಳಿ ಇರಲಿ.

ಒಮ್ಮೆ ತಾಲೀಮು ಮಾಡಲೇಬೇಕು. ತಾವು ಓದುವ ಭಾಗವನ್ನು ಮೂರು ನಿಮಿಷದಲ್ಲಿ ಮುಗಿಸಲು ಆಗುತ್ತದೆಯೇ ಎಂದು ಗಡಿಯಾರ ಹಿಡಿದು ನೋಡುವುದಷ್ಟೇ ಅದರ ಕೆಲಸ. ಮೀರುವವರಿಗೆ ವೇಗ ಹೆಚ್ಚಿಸಿ ಎನ್ನಬೇಡಿ, ಪಠ್ಯದಿಂದ ಒಂದು ಪ್ಯಾರಾ ಬಿಡಿ.

ಎಲ್ಲರೂ ಒಟ್ಟಿಗೆ ಓದುವ ಭಾಗ

ಕೊನೆಗೆ ಎಂಟು-ಹತ್ತು ಸಾಲನ್ನು ಸಭೆಯೂ ಸೇರಿ ಓದಿದರೆ ಅದರ ಬಲವೇ ಬೇರೆ. ಆದರೆ ಸಿದ್ಧತೆ ಇಲ್ಲದೆ ಮಾಡಿದರೆ ಗೊಜ್ಜಾಗುತ್ತದೆ. ವಚನ, ತ್ರಿಪದಿ, ಚಿಕ್ಕ ವಾಕ್ಯಗಳ ಗದ್ಯ ಇದಕ್ಕೆ ಹೊಂದುತ್ತವೆ. ಉದ್ದ ಸಮಾಸಗಳ ನವ್ಯ ಕವಿತೆ ಹೊಂದುವುದಿಲ್ಲ, ಏಕೆಂದರೆ ಎಲ್ಲಿ ಉಸಿರು ತೆಗೆಯಬೇಕು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಹಾಳೆಯಲ್ಲಿ ಉಸಿರಿನ ಜಾಗಕ್ಕೆ ಓರೆಗೆರೆ ಹಾಕಿ. ಮುಂದೆ ನಿಂತ ಆರು ಜನ ಮೊದಲೇ ಅಭ್ಯಾಸ ಮಾಡಿಕೊಂಡು ಒಂದೇ ದನಿಯಲ್ಲಿ ಎಳೆದುಕೊಂಡು ಹೋಗಬೇಕು, ಸಭೆ ಅವರ ಹಿಂದೆ ಬರುತ್ತದೆ. ಗತಿ ಮಾಮೂಲಿಗಿಂತ ನಿಧಾನ. ಅರ್ಧ ಎ4 ಹಾಳೆಯಲ್ಲಿ ಒಂದರಂತೆ 300 ಪ್ರತಿಗೆ 150 ಹಾಳೆ ಜೆರಾಕ್ಸ್ ಸಾಕು. ಮೈಕು ಕೈಕೊಟ್ಟರೂ, ಕಿತ್ತುಕೊಂಡರೂ ಈ ಹಾಳೆ ಇದ್ದರೆ ಓದು ನಿಲ್ಲುವುದಿಲ್ಲ.

ಮೈಕು

ಜಾತ್ರೆಗೆ ಕಟ್ಟುವ ಹಾರ್ನ್ ಬೇಡ. ಅದು ದೂರ ಮುಟ್ಟುತ್ತದೆ, ಆದರೆ ಸ, ಶ, ಚ ಎಲ್ಲ ಚುಚ್ಚಿದಂತೆ ಕೇಳಿ ಪದ ಕಲಸಿಹೋಗುತ್ತದೆ. ನೂರಿಪ್ಪತ್ತು ಜನರ ಬಯಲು ಸಭೆಗೆ ಸ್ಟ್ಯಾಂಡಿನ ಮೇಲೆ ಕಿವಿಗಿಂತ ಎತ್ತರಕ್ಕೆ ನಿಲ್ಲಿಸಿದ ಎರಡು ಪೆಟ್ಟಿಗೆ ಸ್ಪೀಕರ್, ಒಟ್ಟು 300ರಿಂದ 500 ವಾಟ್ ಧಾರಾಳ. ಸ್ಪೀಕರುಗಳು ಮೈಕಿಗಿಂತ ಒಂದೆರಡು ಮೀಟರ್ ಮುಂದೆ ಇರಲಿ. ಹಿಂದೆ ಇದ್ದರೆ ಕುಂಯ್ ಎನ್ನುತ್ತದೆ.

ಸ್ಟ್ಯಾಂಡಿನ ಮೇಲೆ ಎರಡು ಮೈಕು ಇಡಿ, ಒಂದು ಎತ್ತರಕ್ಕೆ, ಒಂದು ಕುಳ್ಳಗಿರುವವರಿಗೆ. ಪ್ರತಿಯೊಬ್ಬರೂ ಬಂದು ಸ್ಟ್ಯಾಂಡು ತಿರುಚುವ ಗಲಾಟೆಯೇ ಇರುವುದಿಲ್ಲ. ಬಾಯಿಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲದೆ ಸ್ವಲ್ಪ ಓರೆಗೆ. ಇಲ್ಲವಾದರೆ ಪ, ಭ, ಫ ಬಂದಾಗಲೆಲ್ಲ ಢಬ್ ಎನ್ನುತ್ತದೆ. ಕರೆಂಟು ಹೋಗುವುದಕ್ಕೂ, ಹೋಗಿಸುವುದಕ್ಕೂ ಸಿದ್ಧವಾಗಿ ಬ್ಯಾಟರಿಯ ಒಂದು ಸ್ಪೀಕರ್ ಪಕ್ಕದಲ್ಲಿ ಚಾರ್ಜ್ ಆಗಿ ಕೂತಿರಲಿ. ಸಂಜೆ ಸಭೆಯಲ್ಲಿ ಓದುವವರು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲದಂತೆ ನೋಡಿ, ಬಿಸಿಲಿಗೆ ಹಾಳೆ ಕಾಣುವುದಿಲ್ಲ. ಚಳಿಗಾಲದಲ್ಲಿ ಆರಕ್ಕೆ ಕತ್ತಲು, ಹಾಳೆಯ ಮೇಲೆ ಬೀಳುವ ಒಂದು ಎಲ್‌ಇಡಿ ದೀಪ ಬೇಕು.

ಆ ದಿನ

ಸಂಜೆ 4.30ಕ್ಕೆ ಶುರು ಎಂದಾದರೆ:

1. 2.30: ಮೈಕ್‌ಸೆಟ್‌ನವರು, ಇಬ್ಬರು ಸ್ವಯಂಸೇವಕರು. 3.30ರೊಳಗೆ ಸದ್ದಿನ ಪರೀಕ್ಷೆ ಮುಗಿಯಬೇಕು, ಒಂದು ಪ್ಯಾರಾ ಓದಿಯೇ.
2. 3.30: ಪೊಲೀಸರೊಂದಿಗೆ ಮಾತಾಡಲು ಗೊತ್ತುಮಾಡಿದ ಒಬ್ಬರು ಹೋಗಿ ಠಾಣಾಧಿಕಾರಿಗೆ ತಮ್ಮ ಪರಿಚಯ ಹೇಳುವುದು. ಇವರು ಓದುವವರಲ್ಲ. ಬೇರೆ ಯಾರೂ ಪೊಲೀಸರೊಂದಿಗೆ ವಾದಕ್ಕೆ ಇಳಿಯಬಾರದು.
3. 4.00: ಓದುವವರೆಲ್ಲ ಬಂದು ಹಾಳೆ ಪಡೆದು ಸರದಿಯಲ್ಲಿ ಕೂರುವುದು. ಮುಂದಿನ ಮೂವರು ಯಾವಾಗಲೂ ಮೈಕಿನ ಪಕ್ಕದ ಕುರ್ಚಿಗಳಲ್ಲಿ.
4. 4.30: ಒಂದು ನಿಮಿಷದ ಪ್ರಕಟಣೆ, ಅದೂ ಬರೆದಿಟ್ಟದ್ದು: ಏನು ಓದುತ್ತೇವೆ, ಯಾರದ್ದು, ಏಕೆ, ಎಷ್ಟು ಹೊತ್ತು. ಕೂಡಲೇ ಮೊದಲ ಓದು.
5. 6.00: ಒಟ್ಟು ಓದು, ಮುಕ್ತಾಯ. ಘೋಷಣೆ ಕೂಗುತ್ತಾ ನಿಲ್ಲುವುದಿಲ್ಲ, ಮೆರವಣಿಗೆಯಲ್ಲಿ ಹೊರಡುವುದಿಲ್ಲ.

ಕಡತ ಒಂದರಲ್ಲಿ ಎಲ್ಲ ಅನುಮತಿಗಳ ಪ್ರತಿ, ಸ್ವೀಕೃತಿಗಳು, ಬಾಡಿಗೆ ರಸೀದಿ, ತೀರ್ಪು, ಕೃತಿಸ್ವಾಮ್ಯದ ಇಮೇಲ್. ಓದುವವರ ಫೋನು, ವಿಳಾಸದ ಪಟ್ಟಿ ಮಾತ್ರ ಅದರಲ್ಲಿ ಬೇಡ. ಅದು ಸ್ಥಳದಲ್ಲಿ ಇಲ್ಲದ ಒಬ್ಬರ ಬಳಿ ಇರಲಿ. ಒಬ್ಬ ವಕೀಲರು ಸಭೆಯಲ್ಲಿ, ಇನ್ನೊಬ್ಬರು ಫೋನಿನಲ್ಲಿ. ನೂರು ಜನಕ್ಕೆ 20 ಲೀಟರಿನ ಮೂರು ಕ್ಯಾನ್ ನೀರು. ಯಾವ ಪಕ್ಷದ ಬಾವುಟವೂ ಬೇಡ. ತಂದವರಿಗೆ ನಯವಾಗಿ ಹೇಳಿ ಮಡಿಸಿಡಿಸಿ.

ತಡೆ ಬಂದಾಗ

ಹತ್ತು ಜನ ಬಂದು ಘೋಷಣೆ ಕೂಗಿದರೆ ಓದುವವರು ನಿಲ್ಲಿಸಬಾರದು, ದನಿ ಏರಿಸಬಾರದು, ಅವರತ್ತ ನೋಡಲೂ ಬೇಕಿಲ್ಲ. ಮೈಕಿನಲ್ಲಿ ಅವರಿಗೆ ಉತ್ತರ ಕೊಟ್ಟರೆ ಅಲ್ಲಿಗೆ ವಾಚನ ಮುಗಿದು ಜಗಳ ಶುರುವಾಯಿತು ಎಂದೇ ಅರ್ಥ, ಮರುದಿನದ ಪತ್ರಿಕೆಯಲ್ಲೂ ಬರುವುದು ‘ಎರಡು ಗುಂಪುಗಳ ನಡುವೆ ವಾಗ್ವಾದ’. ಅಂಚಿನಲ್ಲಿ ನಿಂತ ನಾಲ್ವರು ಸ್ವಯಂಸೇವಕರ ಕೆಲಸ ಬೆನ್ನು ತಿರುಗಿಸಿ ಸಾಲಾಗಿ ನಿಲ್ಲುವುದು ಮಾತ್ರ, ಯಾರನ್ನೂ ಮುಟ್ಟುವುದಲ್ಲ. ವೇದಿಕೆಗೆ ನುಗ್ಗಿದರೆ ಓದುವವರು ಹಿಂದಕ್ಕೆ ಸರಿದು, ಪಕ್ಕದ ಬ್ಯಾಟರಿ ಮೈಕಿನಿಂದ ಮುಂದಿನವರು ಶುರುಮಾಡುತ್ತಾರೆ.

ಪೊಲೀಸರು ನಿಲ್ಲಿಸಿ ಎಂದರೆ, ಆದೇಶ ತೋರಿಸಿ ಎಂದು ಗೊತ್ತುಮಾಡಿದ ಒಬ್ಬರು ಕೇಳಲಿ. ಆ ಮಾತುಕತೆ ನಡೆಯುವಷ್ಟು ಹೊತ್ತು ಓದು ಸಾಗಲಿ. ನಿಲ್ಲಿಸಲೇಬೇಕಾದರೆ ಉಳಿದವರೆಲ್ಲ ಎದ್ದು ಒಟ್ಟು ಓದುವ ಹಾಳೆಗೆ ನೇರ ಜಿಗಿಯಿರಿ, ಎರಡು ನಿಮಿಷದಲ್ಲಿ ಮುಗಿಸಿ. ಇದನ್ನೂ ತಾಲೀಮಿನ ದಿನವೇ ಹೇಳಿಟ್ಟಿರಬೇಕು.

ವಶಕ್ಕೆ ಪಡೆದರೆ ಸಾಮಾನ್ಯವಾಗಿ ಬಸ್ಸಿಗೆ ಹತ್ತಿಸಿ ಮೈದಾನಕ್ಕೋ ಠಾಣೆಗೋ ಒಯ್ದು ಸಂಜೆ ಬಿಡುತ್ತಾರೆ. ಹತ್ತುವವರ ಹೆಸರು, ಬಸ್ಸಿನ ನಂಬರು, ಹೊತ್ತು ಬರೆದುಕೊಳ್ಳಲು ಒಬ್ಬರು ಕೆಳಗೇ ಉಳಿಯಬೇಕು. ಬಂಧನದ ಕಾರಣ ತಿಳಿಸುವುದು, ಮನೆಯವರಿಗೆ ಹೇಳುವುದು, ವಕೀಲರನ್ನು ಕಾಣಲು ಬಿಡುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಪೊಲೀಸರ ಕರ್ತವ್ಯ. ತೀರಾ ವಿಶೇಷ ಸಂದರ್ಭ ಬಿಟ್ಟರೆ ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಬಿಪಿ, ಸಕ್ಕರೆ ಕಾಯಿಲೆಯವರು ಒಂದು ದಿನದ ಮಾತ್ರೆ ಜೇಬಿನಲ್ಲಿ ಇಟ್ಟುಕೊಂಡೇ ಬರಲಿ. ನಮ್ಮ ಸಾಹಿತಿಗಳ ಸರಾಸರಿ ವಯಸ್ಸು ನೋಡಿದರೆ ಇದು ಚಿಕ್ಕ ವಿಷಯವಲ್ಲ. ಖಾಲಿ ಹಾಳೆಗೆ ಸಹಿ ಹಾಕಬೇಡಿ.

ದಾಖಲೆ

ಇಡೀ ಕಾರ್ಯಕ್ರಮವನ್ನು ಶುರುವಿನಿಂದ ಕೊನೆಯವರೆಗೆ ನಿಲ್ಲಿಸದೆ ಒಂದೇ ಕ್ಯಾಮೆರಾದಲ್ಲಿ ಸ್ಟ್ಯಾಂಡಿನ ಮೇಲಿಟ್ಟು ಚಿತ್ರಿಸಿ. ಸದ್ದಿಗೆ ಮಿಕ್ಸರಿನಿಂದ ನೇರ ತಂತಿ. ಮರುದಿನ ಯಾರೋ 15 ಸೆಕೆಂಡು ಕತ್ತರಿಸಿ ಹಂಚಿದರೆ ಉತ್ತರ ಕೊಡಲು ಇರುವುದು ಈ ಪೂರ್ತಿ ಚಿತ್ರಣವೇ. ಮೂಲ ಮೆಮೊರಿ ಕಾರ್ಡನ್ನು ಅಳಿಸದೆ ಲಕೋಟೆಯಲ್ಲಿ ಹಾಕಿ, ದಿನಾಂಕ ಬರೆದು, ತೆಗೆದವರ ಬಳಿಯೇ ಇಡಿ. ಕೋರ್ಟಿಗೆ ಹಾಜರುಪಡಿಸಬೇಕಾದಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಅದನ್ನು ಕೊಡಬೇಕಾದವರಲ್ಲಿ ಚಿತ್ರಿಸಿದವರೂ ಒಬ್ಬರು. ಸಭೆಯ ಮುಖಗಳನ್ನು ಹತ್ತಿರದಿಂದ ತೆಗೆಯಬೇಡಿ. ಕೇಳಲು ಬಂದವರು ಅಪಾಯಕ್ಕೆ ಒಪ್ಪಿಕೊಂಡು ಬಂದವರಲ್ಲ.

ಎಫ್‌ಐಆರ್ ಆದರೆ ಅದರ ಪ್ರತಿಯನ್ನು ಪೊಲೀಸ್ ಜಾಲತಾಣದಿಂದ ಇಳಿಸಿಕೊಂಡು, ಹೆಸರಿರುವ ಎಲ್ಲರೂ ಒಬ್ಬರೇ ವಕೀಲರ ಮೂಲಕ ಹೋಗುವುದೋ ಬೇರೆ ಬೇರೆಯೋ ಎಂದು ಎರಡು ದಿನದೊಳಗೆ ತೀರ್ಮಾನಿಸಿ. ಏಳು ವರ್ಷದೊಳಗಿನ ಶಿಕ್ಷೆಯ ಕಲಮುಗಳಲ್ಲಿ ಬಂಧನಕ್ಕೆ ಬದಲು ನಾಗರಿಕ ಸುರಕ್ಷಾ ಸಂಹಿತೆಯ 35(3)ರಡಿ ಹಾಜರಾಗಲು ಹೇಳುವ ನೋಟಿಸು ಬರುವುದೇ ಹೆಚ್ಚು; ಬಂದ ದಿನ, ಹೊತ್ತು ಬರೆದಿಟ್ಟು ಹಾಜರಾಗಿ, ತಪ್ಪಿಸಿಕೊಂಡರೆ ಬಂಧನಕ್ಕೆ ದಾರಿಯಾಗುತ್ತದೆ. ಎಫ್‌ಐಆರ್ ರದ್ದತಿಗೆ ಹೈಕೋರ್ಟಿನ ಮುಂದೆ ಹೋಗುವುದು ಅದೇ ಸಂಹಿತೆಯ 528ನೇ ಕಲಮಿನಡಿ. ವಕೀಲರ ಖರ್ಚಿಗೆ ಸಭೆಯ ಮುಂಚೆಯೇ ನೂರು ಜನರಿಂದ ಚಿಕ್ಕ ಮೊತ್ತ ಎತ್ತಿ ಇಬ್ಬರ ಜಂಟಿ ಖಾತೆಯಲ್ಲಿ ಇಟ್ಟಿರಿ. ಹೊರದೇಶದ ಗೆಳೆಯರ ಹಣ ಮುಟ್ಟಬೇಡಿ, ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದೆ ಅದು ಇನ್ನೊಂದು ಕೇಸು. ಕೇಸು ಆಗದಿದ್ದರೆ ಆ ಹಣ ಮುಂದಿನ ವಾಚನದ ಮೈಕಿಗೆ.